ಸೇರಿದ ಮೇಲೆ ರಕ್ತ: ಕಾಯಬಹುದಾ?

ಪ್ರಶ್ನೆ, ಬೇಲೂರು: ವಯಸ್ಸು 36. ಮುಟ್ಟು ಮುಗಿದು ಹತ್ತು ದಿನ. ಗಂಡನ ಜೊತೆ ಸೇರಿದ ಮೇಲೆ ಬಟ್ಟೆಗೆ ಕೆಂಪು ಕಲೆ, ಇದು ಎರಡನೇ ಸಲ. ನೋವಿಲ್ಲ.

ಉತ್ತರ: ನೋವಿಲ್ಲ ಅಂತ ಸುಮ್ಮನಿರಬೇಡಿ ಅಕ್ಕ. ಹೆಚ್ಚಾಗಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಸೋಂಕೋ, ಸಣ್ಣ ಪಾಲಿಪ್ಪೋ (ಮೆತ್ತಗಿನ ಗಂಟು) ಇರುತ್ತೆ; ಗರ್ಭಕಂಠದ ಒಳಪದರ ಹೊರಚಾಚಿದ್ದರೂ ತಾಗಿದಾಗ ರಕ್ತ ಒಸರುತ್ತೆ. ಅಪರೂಪಕ್ಕೆ ಕ್ಯಾನ್ಸರ್. ನೋಡದೆ ಹೇಳೋಕಾಗಲ್ಲ. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಯಂಥ ಕಡೆ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಸ್ಪೆಕ್ಯುಲಂ (ಯೋನಿ ಅಗಲಿಸೋ ಉಪಕರಣ) ಹಾಕಿ ನೋಡಿ, ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ತೆಗೀತಾರೆ. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸೇರಬೇಡಿ, ಒಳಗೆ ಕ್ರೀಮು ಹಚ್ಚಬೇಡಿ.

ಇನ್ನೊಂದು ಉತ್ತರ: ಪ್ಯಾಪ್ ಸರಿ ಬಂದರೂ ರಕ್ತ ನಿಲ್ಲದಿದ್ದರೆ ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸೋ ಯಂತ್ರದಲ್ಲಿ ನೋಡೋದು) ಕೇಳಿ. ಗಂಟೆಗೊಂದು ಪ್ಯಾಡ್ ತೊಯ್ದರೆ, ತಲೆ ಸುತ್ತಿದರೆ ಆಗಲೇ 108.

ಮತ್ತೊಂದು: ಮುಟ್ಟು ನಿಂತವರು ಒಂದು ಹನಿ ಕಂಡರೂ ತೋರಿಸಿ. ಯೋನಿ ಒಣಗಿದ್ದಕ್ಕೆ ರಕ್ತ ಅಂತ ಮನೆಯಲ್ಲೇ ತೀರ್ಮಾನ ಬೇಡ.