ತೆರೆದಿಟ್ಟ ರಿಜಿಸ್ಟರ್: ಪೋಸ್ಟಿಂಗ್‌ಗೆ ಬಂದ ಹುಡುಗಿಗೆ ಒಂದು ತಿಂಗಳ ಶಿಕ್ಷೆ ಸರಿಯೇ?

ಲ್ಯಾಬ್ ಮೇಲ್ವಿಚಾರಕ

ಒಂದು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ ಓದುವ ಮಕ್ಕಳು ಪೋಸ್ಟಿಂಗ್‌ಗೆ, ಅಂದರೆ ಆಸ್ಪತ್ರೆಯಲ್ಲೇ ಕೆಲಸ ಕಲಿಯುವ ತರಬೇತಿಗೆ, ನಮ್ಮಲ್ಲಿಗೆ ಬರುತ್ತಾರೆ. ಇತ್ತೀಚೆಗೆ ಎರಡನೇ ವರ್ಷದ ಹುಡುಗಿಯೊಬ್ಬಳು ಹೊಸ ಏಪ್ರನ್ ತೊಟ್ಟು, ಸೂಕ್ಷ್ಮದರ್ಶಕದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದಳು. ಅವಳ ಮೊಣಕೈ ಹಿಂದೆ ಮೇಜಿನ ಮೇಲೆ ರಿಜಿಸ್ಟರ್ ತೆರೆದುಕೊಂಡೇ ಇತ್ತು. ಚಿತ್ರವನ್ನು ದೊಡ್ಡದು ಮಾಡಿದರೆ ನಾಲ್ಕು ಸಾಲು ಓದಬಹುದಿತ್ತು: ಹೆಸರು, ಊರು, ಪರೀಕ್ಷೆ, ಫಲಿತಾಂಶ. ಒಂದು ಸಾಲು ಮದುವೆಯಾಗದ ಹೆಣ್ಣುಮಗಳೊಬ್ಬಳ ಗರ್ಭ ಪರೀಕ್ಷೆಯದು. ಫಲಿತಾಂಶ ನೆಗೆಟಿವ್ ಇತ್ತು. ಆದರೆ ಊರಿಗೆ ಅದು ಬೇಕಾಗಿರಲಿಲ್ಲ, ಪರೀಕ್ಷೆ ಮಾಡಿಸಿದ್ದಾಳೆ ಎಂಬುದೇ ಸಾಕಾಯಿತು. ಅರ್ಧ ಗಂಟೆಯೊಳಗೆ ನಾನೇ ನಿಂತು ಸ್ಟೇಟಸ್ ಅಳಿಸಿಸಿದೆ. ಅಷ್ಟರಲ್ಲಿ ಅದೇ ಊರಿನವರು ನೋಡಿಯಾಗಿತ್ತು.

ಒಂದು ತಿಂಗಳು ಪೋಸ್ಟಿಂಗ್ ನಿಲ್ಲಿಸಬೇಕೆಂದು ನಾನು ಬರೆದುಕೊಟ್ಟೆ. ಕಾಲೇಜಿನವರು ಕ್ಷಮಾಪಣೆ ಪತ್ರ ಮತ್ತು ಮೂರು ದಿನ ಸಾಕು ಎನ್ನುತ್ತಿದ್ದಾರೆ. ಈ ಕೆಲಸ ಬಲ್ಲವರು ಏನನ್ನುತ್ತೀರಿ?

(ಆ ಹೆಣ್ಣುಮಗಳ ವಯಸ್ಸನ್ನೂ ನಮ್ಮ ಜಿಲ್ಲೆಯ ಹೆಸರನ್ನೂ ಮೊದಲು ಬರೆದಿದ್ದೆ, ಈಗ ತೆಗೆದಿದ್ದೇನೆ. ಕೆಳಗೆ ಕಾವ್ಯಾ ಎತ್ತಿದ ಆಕ್ಷೇಪ ನ್ಯಾಯವಾದದ್ದು.)

ಕಾವ್ಯಾ, ಮೂರನೇ ವರ್ಷ

ಸರ್, ಮೊದಲು ಒಂದು ಮಾತು. ನೀವು ವಯಸ್ಸು, ಜಿಲ್ಲೆ ಎರಡನ್ನೂ ಇಲ್ಲಿ ಬರೆದಿದ್ದೀರಿ. ಅದು ಬೇಕಿತ್ತೇ? ಆ ಊರಿನವರು ಇದನ್ನೂ ಓದಬಹುದು.

ಇನ್ನು ಶಿಕ್ಷೆಯ ವಿಷಯ. ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ಹದಿನೇಳು ಹದಿನೆಂಟರ ಮಕ್ಕಳು ನಾವು. ಪೋಸ್ಟಿಂಗ್‌ನ ಮೊದಲ ದಿನ ನನ್ನ ಕೈಗೆ ಸಿರಿಂಜ್ ಕೊಟ್ಟು, "ಹೊರಗೆ ಮೂವತ್ತು ಜನ ಇದ್ದಾರೆ, ಬೇಗ ಬೇಗ ತೆಗೆ" ಎಂದರು. ರೋಗಿಯ ಗುಟ್ಟು ಕಾಯಬೇಕೆಂದು ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಲ್ಯಾಬ್ ಕಿಟಕಿಯಲ್ಲಿ ಅಟೆಂಡರ್ ಹೆಸರು ಕೂಗುವಾಗ ಪರೀಕ್ಷೆಯ ಹೆಸರನ್ನೂ ಸೇರಿಸಿಯೇ ಕೂಗುತ್ತಾರೆ. ರಿಜಿಸ್ಟರ್ ಆ ಕಿಟಕಿಯ ಹತ್ತಿರವೇ ದಿನವಿಡೀ ತೆರೆದಿರುತ್ತದೆ. ಅದಕ್ಕೆ ಇದುವರೆಗೆ ಯಾರ ಮೇಲೆ ಕ್ರಮವಾಗಿದೆ? ಆ ಹುಡುಗಿ ತಪ್ಪು ಮಾಡಿಲ್ಲ ಎನ್ನುತ್ತಿಲ್ಲ. ರಿಜಿಸ್ಟರ್ ತೆರೆದಿಟ್ಟವರು ಅವಳಲ್ಲ ಎನ್ನುತ್ತಿದ್ದೇನೆ.

ಗದಗಿನವ

ಬಿಗಿ ಇಲ್ಲದಿದ್ದರೆ ಇದು ನಿಲ್ಲುವುದಿಲ್ಲ. 2024ರಲ್ಲಿ ನಮ್ಮ ಗದಗದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ರೀಲ್ಸ್ ಮಾಡಿದ್ದಕ್ಕೆ 38 ವಿದ್ಯಾರ್ಥಿಗಳ ಮೇಲೆ ಕ್ರಮ ಕೈಗೊಂಡರು. ನಾಳೆ ವೈದ್ಯರಾಗುವವರಿಗೇ ಆ ಶಿಕ್ಷೆಯಾದರೆ ಇವರಿಗೇಕೆ ರಿಯಾಯಿತಿ? ಆಸ್ಪತ್ರೆಯೊಳಗೆ ಕಾಲಿಟ್ಟ ಮೇಲೆ ಮೊಬೈಲ್ ಚೀಲದಲ್ಲಿರಬೇಕು.

ನಿವೃತ್ತ ಸಿಸ್ಟರ್

ಗದಗಿನ ಅಣ್ಣನವರೇ, ಎರಡೂ ಒಂದೇ ಅಲ್ಲ. ಅಲ್ಲಿ ಆಸ್ಪತ್ರೆಯ ಗೌರವಕ್ಕೆ ಕುಂದಾಯಿತೆಂದು ಜನ ಸಿಟ್ಟಾದರು. ಇಲ್ಲಿ ಒಬ್ಬ ಹೆಣ್ಣುಮಗಳು ಊರಿನಲ್ಲಿ ತಲೆ ಎತ್ತದ ಹಾಗಾಗಿದೆ. ಎರಡನೆಯದು ಎಷ್ಟೋ ಪಾಲು ದೊಡ್ಡದು, ಮೊಬೈಲ್ ಇಲ್ಲದೆಯೂ ಆಗುವಂಥದ್ದು. ನಾನು ಕೆಲಸಕ್ಕೆ ಸೇರಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಆಗಲೂ ಬಸ್‌ನಲ್ಲಿ ಪಕ್ಕದವರಿಗೆ, ನಲ್ಲಿ ಹತ್ತಿರ ನೆರೆಯವರಿಗೆ ಹೇಳಿ ಸಂಸಾರ ಕೆಡಿಸಿದವರನ್ನು ಕಂಡಿದ್ದೇನೆ.

ಕಾವ್ಯಾ ಹೇಳಿದ್ದು ನನಗೆ ಚುಚ್ಚಿತು, ಯಾಕೆಂದರೆ ಅದು ನಿಜ. ನಡತೆಯನ್ನು ನಾವು ಒಂದು ಗಂಟೆಯ ಪಾಠವೆಂದುಕೊಂಡಿದ್ದೇವೆ. ನನಗೆ ಅದನ್ನು ಕಲಿಸಿದ ಹಿರಿಯ ಸಿಸ್ಟರ್ ಪಾಠವನ್ನೇ ಮಾಡಲಿಲ್ಲ. ವಾರ್ಡಿನಲ್ಲಿ ನಾನು "ಹದಿನಾಲ್ಕನೇ ಬೆಡ್ಡಿನ ಮುದುಕ" ಎಂದೆ. ಅವರು ನನ್ನನ್ನು ಆ ಅಜ್ಜನ ಬಳಿ ಕರೆದೊಯ್ದು, "ನಿಮ್ಮ ಹೆಸರೇನು ಅಜ್ಜ, ಈ ಹುಡುಗಿಗೆ ಹೇಳಿ" ಎಂದರು. ಅಷ್ಟೇ. ಆಮೇಲೆ ನಾನೇ ಹೆಸರು ಕೇಳಿ, ತೋಳಿಗೆ ಪಟ್ಟಿ ಕಟ್ಟುವ ಮೊದಲು "ಸ್ವಲ್ಪ ಚುರುಕ್ ಅನ್ನುತ್ತದೆ" ಎಂದು ತಿಳಿಸಿ, ರಕ್ತ ತೆಗೆದ ಮೇಲೆ ಅಲ್ಲೇ, ಅವರ ಎದುರಿಗೇ ಟ್ಯೂಬಿಗೆ ಹೆಸರು ಬರೆಯಲು ಕಲಿತೆ. ಅಲ್ಲಿ ಬರೆಯದೆ ನಾಲ್ಕು ಟ್ಯೂಬ್ ಹಿಡಿದು ಮೇಜಿಗೆ ಬಂದರೆ ಯಾರದ್ದು ಯಾರಿಗೋ ಹೋಗುತ್ತದೆ. ಅದಲುಬದಲಾಯಿತೆಂಬ ಅನುಮಾನ ಬಂದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬಾರದು, ಮತ್ತೆ ರಕ್ತ ಕೇಳಬೇಕು. ನನ್ನ ಮಟ್ಟಿಗೆ ನಡತೆಯೆಂದರೆ ಇಂಥವೇ.

ಶಿಕ್ಷೆ ಇರಲಿ. ಆದರೆ ಮನೆಗೆ ಕಳುಹಿಸಿದರೆ ಏನು ಕಲಿಯುತ್ತಾಳೆ? ಆ ತಿಂಗಳು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಸ್ಕ್ಯಾನಿಂಗ್ ಕೋಣೆಯಿಂದ

ನಾನು ರೇಡಿಯಾಲಜಿ ತಂತ್ರಜ್ಞ. ನಮ್ಮಲ್ಲಿ ತರಬೇತಿಗೆ ಬರುವವರನ್ನು ಜನ ಹೇಗೆ ಹಿಡಿಯುತ್ತಾರೆ ಗೊತ್ತೇ? ಡಾಕ್ಟರನ್ನು ಕೇಳುವುದಿಲ್ಲ. ಸ್ಕ್ಯಾನಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ಅತ್ತೆಯೊಬ್ಬರು ನಮ್ಮ ಹುಡುಗನ ಕೈಯಲ್ಲಿ ಐನೂರರ ನೋಟು ಮಡಿಸಿಟ್ಟು, "ಬಾಯಿ ಬಿಡಬೇಡಪ್ಪ, ಗಂಡಾದರೆ ತಲೆ ಆಡಿಸು ಸಾಕು" ಎಂದರು. ಹುಡುಗ ನೋಟು ಹಿಂದಿರುಗಿಸಿ ನೇರ ನನ್ನ ಬಳಿ ಬಂದ. ಬರಲು ಕಾರಣ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಮಾತು, ಸನ್ನೆ, ಬೇರಾವ ರೀತಿಯಲ್ಲೂ ತಿಳಿಸಕೂಡದೆಂದು ಬರೆದಿರುವುದನ್ನು ಮೊದಲ ದಿನವೇ ಓದಿಸಿ ಸಹಿ ಹಾಕಿಸಿದ್ದೆ. ಮೂರು ವರ್ಷದವರೆಗೆ ಜೈಲು ಎಂಬುದನ್ನೂ ಹೇಳಿದ್ದೆ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ನಡೆಯುತ್ತಿದ್ದ ಭ್ರೂಣಲಿಂಗ ಪತ್ತೆಯ ಜಾಲ ಬಯಲಾದಾಗ ವೈದ್ಯರು ಮಾತ್ರ ಸಿಕ್ಕಿಬೀಳಲಿಲ್ಲ, ಲ್ಯಾಬ್ ತಂತ್ರಜ್ಞರೂ ಸಿಕ್ಕಿಬಿದ್ದರು.

ಎಚ್‌ಐವಿ ವಿಷಯದಲ್ಲೂ ಅಷ್ಟೇ. ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ತಿಳಿಸಬಾರದೆಂದು 2017ರ ಕಾಯ್ದೆ ಹೇಳುತ್ತದೆ. "ನಾನಿನ್ನೂ ವಿದ್ಯಾರ್ಥಿ" ಎನ್ನುವುದು ರಕ್ಷಣೆಯಾಗುವುದಿಲ್ಲ. ಹಾಗಾಗಿ ಕಲಿಸದೆ ಒಳಗೆ ಬಿಟ್ಟುಕೊಳ್ಳುವುದು ಆ ಮಕ್ಕಳಿಗೇ ಮಾಡುವ ಅನ್ಯಾಯ.

ಕಾಯುವ ಸಾಲಿನವಳು

ನಾನು ಆಸ್ಪತ್ರೆಯವಳಲ್ಲ. ನನ್ನ ತಮ್ಮನಿಗೆ ಕ್ಷಯ ಬಂದಾಗ ಕಫದ ಡಬ್ಬಿ ಕೊಡುವಾಗಲೇ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ಔಷಧಿಯಿಂದ ಕಾಯಿಲೆ ವಾಸಿಯಾಯಿತು. ಆದರೆ ಹೋಟೆಲಿನಲ್ಲಿ ಅವನ ಲೋಟವನ್ನು ಬೇರೆ ಇಡುವುದು ಇನ್ನೂ ನಿಂತಿಲ್ಲ. ಮೂರು ದಿನವೋ ಮೂವತ್ತು ದಿನವೋ ಎಂದು ನೀವು ಮಾತಾಡುತ್ತಿದ್ದೀರಿ. ಆ ಹೆಣ್ಣುಮಗಳು ಹೇಗಿದ್ದಾಳೆಂದು ಯಾರಾದರೂ ಕೇಳಿದಿರಾ?

ಲ್ಯಾಬ್ ಮೇಲ್ವಿಚಾರಕ

ಕೇಳಿರಲಿಲ್ಲ ತಾಯಿ. ಒಪ್ಪಿಕೊಳ್ಳುತ್ತೇನೆ.

ಕಾವ್ಯಾ, ರಿಜಿಸ್ಟರ್ ತೆರೆದಿಟ್ಟಿದ್ದು ನಾನೇ. ಹತ್ತೊಂಬತ್ತು ವರ್ಷ ಹಾಗೆಯೇ ಇಟ್ಟಿದ್ದೆ. ಈಗ ಬರೆಯುವ ಸಾಲೊಂದೇ ಕಾಣುವಂತೆ ಸೀಳಿದ ರಟ್ಟನ್ನು ಮೇಲೆ ಇಡುತ್ತಿದ್ದೇವೆ. ಅದನ್ನು ಅಳತೆ ಮಾಡಿ ಕತ್ತರಿಸಿದವಳು ಆ ಹುಡುಗಿಯೇ. ಕಿಟಕಿಯಲ್ಲಿ ಟೋಕನ್ ಸಂಖ್ಯೆ ಮಾತ್ರ ಕೂಗಲು ಹೇಳಿದ್ದೇನೆ. ಅವಳನ್ನು ಮನೆಗೆ ಕಳುಹಿಸುತ್ತಿಲ್ಲ, ಒಂದು ತಿಂಗಳು ನನ್ನ ಮೇಜಿನ ಪಕ್ಕದಲ್ಲೇ ಇರುತ್ತಾಳೆ.

ಅವಳು ಇನ್ನೊಂದು ಕೇಳುತ್ತಿದ್ದಾಳೆ: "ಸರ್, ನಾನೇ ಅವರ ಮನೆಗೆ ಹೋಗಿ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ." ಕಳುಹಿಸಲೇ?

ಕಾವ್ಯಾ, ಮೂರನೇ ವರ್ಷ

ಕಳುಹಿಸಿ ಸರ್. ಪತ್ರಕ್ಕಿಂತ ಅದು ಮೇಲು.

ನಿವೃತ್ತ ಸಿಸ್ಟರ್

ಬೇಡ, ಖಂಡಿತ ಬೇಡ. ಕಾವ್ಯಾ, ನಿನ್ನ ಮನಸ್ಸು ಒಳ್ಳೆಯದು, ಆದರೆ ಯೋಚಿಸು ಮಗಳೇ. ಲ್ಯಾಬಿನ ಹುಡುಗಿ ಆ ಮನೆಯ ಬಾಗಿಲಿಗೆ ಬಂದು ಅತ್ತಳೆಂದರೆ, ಇದುವರೆಗೆ ಗುಸುಗುಸು ಎನ್ನುತ್ತಿದ್ದ ಊರಿಗೆ ನಾವೇ ಸಾಕ್ಷಿ ಒದಗಿಸಿದಂತೆ. ಅಪ್ಪ ಅಮ್ಮನಿಗೆ ವಿಷಯ ಇನ್ನೂ ಗೊತ್ತಿಲ್ಲದಿದ್ದರೆ? ಕ್ಷಮೆ ಕೇಳಿ ಹಗುರಾಗುವವಳು ನಮ್ಮ ಹುಡುಗಿ, ಅದರ ಭಾರ ಹೊರುವವಳು ಆಕೆ. ನಿಮ್ಮ ಮಹಿಳಾ ವೈದ್ಯಾಧಿಕಾರಿಯಿಂದ ಆಕೆಯ ಸ್ವಂತ ಮೊಬೈಲಿಗೆ ಕರೆ ಮಾಡಿಸಿ. ಮಾತಾಡಲು ಸಮಯ ಅನುಕೂಲವೇ ಎಂದು ಮೊದಲು ಕೇಳಲಿ. ಆಕೆಗೆ ಏನು ಬೇಕೆಂದು ಆಕೆಯೇ ಹೇಳಲಿ.

ಲ್ಯಾಬ್ ಮೇಲ್ವಿಚಾರಕ

ನಿನ್ನೆ ಮೇಡಂ ಕರೆ ಮಾಡಿದರು. ಕ್ಷಮೆ ಏನೂ ಬೇಡ ಎಂದಳಂತೆ. ಇನ್ನು ಮುಂದೆ ಪರೀಕ್ಷೆ ಮಾಡಿಸುವುದಿದ್ದರೆ ಬೇರೆ ತಾಲ್ಲೂಕಿಗೆ ಹೋಗುತ್ತೇನೆ, ನನ್ನ ಚೀಟಿ ಹಿಂದಕ್ಕೆ ಕೊಡಿ ಎಂದಳಂತೆ.