ಪುಟ್ಟಿ, ಆ ಕೆಂಪು ನೀರು ಚೆಲ್ಲಿಬಿಡು

ಪುಟ್ಟಿ, ಬೆಳಿಗ್ಗೆ ನಿನ್ನ ಮೆಸೇಜ್ ನೋಡಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಮನೆಯ ಬಾಲ್ಕನಿಯಲ್ಲಿ ಹಕ್ಕಿಗೆ ಸಕ್ಕರೆ ನೀರಿಡುವ ಫೀಡರ್ ನೇತುಹಾಕಿ ಎರಡು ವಾರ ಆಯಿತು, ಒಂದು ಹಮ್ಮಿಂಗ್‌ಬರ್ಡ್ ಕೂಡ ಬಂದಿಲ್ಲ ಅಂತ ಬರೆದಿದ್ದೀಯ. ಅದರ ಕೆಳಗೆ ಚಿಕ್ಕಮ್ಮ ಶಿವಮೊಗ್ಗದಿಂದ "ಸಕ್ಕರೆ ಬೇಡ, ಬೆಲ್ಲವೋ ಜೇನುತುಪ್ಪವೋ ಹಾಕು" ಅಂದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ನೀನು ಕಳಿಸಿದ ಫೋಟೋದಲ್ಲಿರುವ, ಬಣ್ಣ ಹಾಕಿದ ಆ ಕೆಂಪು ನೀರು ಚೆಲ್ಲಿಬಿಡು. ಫೀಡರ್‌ನ ಪ್ಲಾಸ್ಟಿಕ್ ಹೂವುಗಳೇ ಕೆಂಪಗಿವೆ, ಹಕ್ಕಿಯ ಕಣ್ಣಿಗೆ ಬೀಳಲು ಅಷ್ಟು ಸಾಕು. ಕಾಲು ಕಪ್ ಬಿಳಿ ಸಕ್ಕರೆ, ಒಂದು ಕಪ್ ನೀರು. ಕರಗಿಸಿ, ಆರಿಸಿ ಹಾಕು. ಚಿಕ್ಕಮ್ಮ, ಬೇಜಾರು ಮಾಡಿಕೊಳ್ಳಬೇಡಿ, ನಮಗೆ ಒಳ್ಳೆಯದಾದ ಬೆಲ್ಲ ಇವಕ್ಕೆ ಆಗುವುದಿಲ್ಲ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಜೇನುತುಪ್ಪಕ್ಕೆ ನೀರು ಬೆರೆಸಿಟ್ಟರೆ ಬೇಗ ಹುಳಿ ಬಂದು ಬೂಸ್ಟು ಹಿಡಿಯುತ್ತದೆ.

ಎರಡು ವಾರದಿಂದ ಅದೇ ನೀರು ಇದೆ ಅಲ್ವಾ? ಬಿಸಿಲು ಜಾಸ್ತಿ ಇದ್ದಾಗ ಎರಡು ದಿನಕ್ಕೊಮ್ಮೆ ಬದಲಿಸಲೇಬೇಕು. ನನ್ನ ಮೊದಲ ವರ್ಷ ಊರಿಗೆ ಹೋಗುವ ಗಡಿಬಿಡಿಯಲ್ಲಿ ಫೀಡರ್ ಹಾಗೇ ಬಿಟ್ಟು ಹೋಗಿದ್ದೆ. ಬಂದು ನೋಡಿದರೆ ತೂತುಗಳ ಸುತ್ತ ಕರಿ ಬೂಸ್ಟು. ಅದನ್ನು ಯಾವ ಹಕ್ಕಿ ಕುಡಿಯಿತೋ ಅಂತ ಎಷ್ಟೋ ದಿನ ಸಂಕಟಪಟ್ಟೆ. ತೊಳೆಯಲು ಪುರುಸೊತ್ತಿಲ್ಲದ ವಾರ ಫೀಡರ್ ಒಳಗೆ ತೆಗೆದಿಡು. ಹೂವಿದೆ, ಸಣ್ಣ ಹುಳ, ಜೇಡ ಎಲ್ಲ ಇವೆ, ಅವು ಉಪವಾಸ ಬೀಳುವುದಿಲ್ಲ.

ನಮ್ಮ ಕಡೆ ವರ್ಷವಿಡೀ ಇರುವುದು ಆನ್ನಾಸ್ ಹಮ್ಮಿಂಗ್‌ಬರ್ಡ್. ತೂಕ ಸುಮಾರು 4 ಗ್ರಾಂ, ಒಂದು ಚಮಚ ಸಕ್ಕರೆಯಷ್ಟೇ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಕು ಹರಿಯುವ ಮುಂಚೆ ಕಾಫಿ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದೆ. ನಿಂಬೆ ಗಿಡದ ತುದಿಯಲ್ಲಿ ಒಂದು ಗಂಡು ಗರಿ ಉಬ್ಬಿಸಿಕೊಂಡು ಕೂತಿತ್ತು. ಕತ್ತು ಮಸಿ ಬಳಿದ ಹಾಗೆ ಕಪ್ಪು. ಬಿಸಿಲು ಬಿತ್ತು, ಅದು ತಲೆ ಇತ್ತ ತಿರುಗಿಸಿತು, ಇಡೀ ಕತ್ತು ಗುಲಾಬಿಗೆಂಪಾಗಿ ಹೊತ್ತಿಕೊಂಡಿತು! ಅತ್ತ ತಿರುಗಿತು, ಮತ್ತೆ ಕಪ್ಪು. ಬೆಳಕು ಬೀಳುವ ಕೋನದಿಂದಲೇ ಆ ಬಣ್ಣ. ಚಳಿ ರಾತ್ರಿಗಳಲ್ಲಿ ಇವು ಮೈಯ ಬಿಸಿ ಇಳಿಸಿಕೊಂಡು, ಎದೆಬಡಿತ ತಗ್ಗಿಸಿಕೊಂಡು ಸತ್ತಂತೆ ಬಿದ್ದಿರುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಹಸಿವು. ಅದಕ್ಕೇ ನಾನು ಚಳಿಗಾಲದಲ್ಲಿ ಬೆಳಗಾಗುವಷ್ಟರಲ್ಲಿ ನೀರು ತುಂಬಿಸಿಡುತ್ತೇನೆ.

ಚಿಕ್ಕಮ್ಮ, ನಿಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ. ನೋಡಲು ಹೋಲುತ್ತದೆ, ಆದರೆ ಕುಲವೇ ಬೇರೆ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮ ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತು ಕುಡಿಯುತ್ತದೆ. ಇದು ಗಾಳಿಯಲ್ಲೇ ನಿಂತು ಕುಡಿದು, ಹಿಮ್ಮುಖವಾಗಿ ಹಾರಿ ಹೋಗುತ್ತದೆ.

ಪುಟ್ಟಿ, ಫೀಡರ್ ಜೊತೆಗೆ ಒಂದು ಕುಂಡ ಸಾಲ್ವಿಯ ಇಡು. ಹೂವು ಹುಡುಕಿಕೊಂಡು ಬಂದದ್ದು ಫೀಡರ್ ನೋಡುತ್ತದೆ. ಇರುವೆ ಮುತ್ತಿದರೆ ಮೇಲೆ ನೀರಿನ ಬಟ್ಟಲು ಸಿಕ್ಕಿಸು, ಎಣ್ಣೆ ಗಿಣ್ಣೆ ಸವರಬೇಡ, ಗರಿಗೆ ಅಂಟುತ್ತದೆ. ಒಂದು ಗಂಡು ಬಂತೆಂದರೆ ಬೇರೆಯವನ್ನು ಅಟ್ಟಿಸಿಕೊಂಡು ಹೋಗುತ್ತದೆ. ಆಗ ಅದಕ್ಕೆ ಕಾಣದ ಮೂಲೆಯಲ್ಲಿ ಇನ್ನೊಂದು ಫೀಡರ್ ಹಾಕಿದರಾಯಿತು.

ಶನಿವಾರ ಬರುತ್ತೇನೆ. ಒಂದು ಹಳೇ ಟೂತ್‌ಬ್ರಷ್ ಎತ್ತಿಡು, ಆ ತೂತುಗಳನ್ನು ಇಬ್ಬರೂ ಕೂತು ಉಜ್ಜೋಣ.