ಸಹಾಯ ಬೇಕು: ಲ್ಯಾಪ್‌ಟಾಪಿನ ಸಿಮ್‌ನಿಂದ ಕರೆ ಮಾಡಬಹುದೇ?

ನಮಸ್ಕಾರ. ಉಡುಪಿ ಸಮೀಪದ ಶಂಕರಪುರದಲ್ಲಿ ನಮ್ಮದು ಮಲ್ಲಿಗೆ ಕೃಷಿ. ಮನೆಯ ಮೊಬೈಲ್ ಅಪ್ಪನೊಂದಿಗೆ ಪೇಟೆಗೆ ಹೋಗಿಬಿಡುತ್ತದೆ. ಯಾರಿಗೆ ಎಷ್ಟು ಅಟ್ಟೆ (ಮಲ್ಲಿಗೆ ಮಾರುವ ಅಳತೆ) ಎಂದು ಲ್ಯಾಪ್‌ಟಾಪಿನಲ್ಲಿ ಬರೆದಿಡುವುದು ಅಮ್ಮ. ಮದುವೆಯ ಕಾಲದಲ್ಲಿ ಅವರಿಗೆ ನೇರವಾಗಿ ಕರೆ ಸಿಗದಿರುವುದು ದೊಡ್ಡ ತೊಂದರೆ.

ಲ್ಯಾಪ್‌ಟಾಪಿನಲ್ಲೇ 4ಜಿ ಮೋಡೆಮ್ ಇದೆ. ಬೇರೊಂದು ಸಿಮ್ ಹಾಕಿದೆ. ಇಂಟರ್ನೆಟ್ ಚೆನ್ನಾಗಿದೆ, ಎಸ್‌ಎಂಎಸ್ ಕೂಡ ಬರುತ್ತದೆ, ಕರೆ ಮಾತ್ರ ಇಲ್ಲ. ಇಂತಹ ಮೋಡೆಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆಂದೇ ಇರುವಂಥವು ಎಂದು ಓದಿದ್ದೇನೆ. ಮೊಬೈಲಿನ ಕರೆಯನ್ನು ಲ್ಯಾಪ್‌ಟಾಪಿನಲ್ಲಿ ಸ್ವೀಕರಿಸಲು ಬಿಡುವ ವಿಂಡೋಸ್‌ನ ಫೋನ್ ಲಿಂಕ್ ನಮಗಾಗದು. ಅದರಲ್ಲಿ ಕರೆ ಬರುವುದು ಬ್ಲೂಟೂತ್ ಮೂಲಕ, ಮೊಬೈಲ್ ಹತ್ತಿರವೇ ಇರಬೇಕು.

ಲಿನಕ್ಸ್‌ನಲ್ಲಿ ಮೋಡೆಮ್ ನಡೆಸುವ ಮೋಡೆಮ್‌ಮ್ಯಾನೇಜರ್ ಎಂಬ ತಂತ್ರಾಂಶದಲ್ಲಿ ಕರೆಯ ಸೌಲಭ್ಯವಿದೆ, ಆದರೆ ಮೋಡೆಮ್ ಒಪ್ಪಬೇಕು. ಧ್ವನಿ ಕರೆ ನಿಜಕ್ಕೂ ನಡೆಯುವ, ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿ ಕೇಳಿಸುವ ಯುಎಸ್‌ಬಿ ಮೋಡೆಮ್ ಯಾರಾದರೂ ಬಳಸುತ್ತಿದ್ದೀರಾ? ದಯವಿಟ್ಟು ಮಾದರಿಯ ಹೆಸರು ತಿಳಿಸಿ. ಉಡುಪಿಯಲ್ಲೋ ಮಂಗಳೂರಿನಲ್ಲೋ ಸಿಗುವಂತಿದ್ದರೆ ನಾನೇ ಬಂದು ನೋಡುತ್ತೇನೆ.